ಆರೂವರೆ ನಿಮಿಷ

ನಮ್ಮೂರು ಕಾಮಗೆರೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಸಿಗುತ್ತೆ. ಮಾದಪ್ಪನ ಬೆಟ್ಟಕ್ಕೆ ಬಸ್ಸಲ್ಲಿ ಹೋಗಿರುವವರು ನಮ್ಮೂರನ್ನು ಕಿಟಕಿಯಿಂದ ನೋಡಿರ್ತೀರ, ಬೋರ್ಡು ಓದಿರಲ್ಲ ಅಷ್ಟೆ. ಕಾಲೇಜಿನಲ್ಲಿ ಯಾರಾದರೂ ಊರು ಕೇಳಿದರೆ ನಾನು ಕೊಳ್ಳೇಗಾಲ ಅಂತಲೇ ಹೇಳೋದು. ಆದರೆ ಈಗ ಬರೆಯುತ್ತಿರುವುದು ಕಾಮಗೆರೆ ರಸ್ತೆಯ ಮೇಲೆ ನಡೆದ ವಿಷಯ, ಹಾಗಾಗಿ ಇಲ್ಲಿ ಸರಿಯಾದ ಹೆಸರೇ ಇರಲಿ.

ನಮ್ಮ ದೊಡ್ಡಪ್ಪನ ಮಗ ಒಬ್ಬ ಇದ್ದಾನೆ. ನನಗಿಂತ ಐದು ವರ್ಷ ದೊಡ್ಡವನು. ನಾನು ಇಂಜಿನಿಯರಿಂಗ್ ಸೇರಿದ ವರ್ಷ ಅವನು ಪೊಲೀಸ್ ಕಾನ್‌ಸ್ಟೇಬಲ್ ಬರವಣಿಗೆ ಪರೀಕ್ಷೆ ಪಾಸು ಮಾಡಿದ್ದ. ಮನೆಯಲ್ಲಿ ಹೋಳಿಗೆ ಮಾಡಿದ್ರು. ಆಮೇಲೆ ಉಳಿದದ್ದು ಮೈದಾನದ ಪರೀಕ್ಷೆ. ಜಂಪು, ಗುಂಡು ಎಸೆತದ ಬಗ್ಗೆ ಅವನಿಗೆ ಭಯ ಇರಲಿಲ್ಲ, ರೇಷ್ಮೆ ಸೊಪ್ಪಿನ ಹೊರೆ ಹೊತ್ತು ಬೆಳೆದ ತೋಳು. ಭಯ ಇದ್ದದ್ದು ಒಂದೇ: 1600 ಮೀಟರ್ ಓಟ, 6 ನಿಮಿಷ 30 ಸೆಕೆಂಡಿನ ಒಳಗೆ. ಅರ್ಜಿಯ ಕಾಗದದಲ್ಲಿ ಇದನ್ನು ‘ಸಹಿಷ್ಣುತೆ ಪರೀಕ್ಷೆ’ ಅಂತ ಬರೆದಿದ್ರು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಸಹಿಷ್ಣುತೆ ಅಂದ್ರೆ ಬೇರೆ ಧರ್ಮದವರನ್ನು ಗೌರವಿಸೋದು ಅಂತ ಮಾತ್ರ ಗೊತ್ತಿತ್ತು. ಓಟಕ್ಕೂ ಅದಕ್ಕೂ ಏನು ಸಂಬಂಧ ಅಂತ ಅಣ್ಣನನ್ನು ಕೇಳಿದೆ. ‘ದಮ್ಮು ಕಣ್ಲಾ, ದಮ್ಮು’ ಅಂದ.

ಲೆಕ್ಕ ಹಾಕಿದರೆ ಇದು ದೊಡ್ಡ ವೇಗ ಅನ್ನಿಸಲ್ಲ. ನಾಲ್ಕು ನೂರು ಮೀಟರಿನ ನಾಲ್ಕು ಸುತ್ತು, ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಗಂಟೆಗೆ ಹದಿನೈದು ಕಿಲೋಮೀಟರಿಗೂ ಸ್ವಲ್ಪ ಕಮ್ಮಿ. ನೂರು ಮೀಟರು ಯಾರು ಬೇಕಾದರೂ ಆ ವೇಗದಲ್ಲಿ ಓಡ್ತಾರೆ. ಹದಿನಾರು ಸಲ ಬಿಡದೆ ಓಡಿ ನೋಡಿ, ಆಗ ಗೊತ್ತಾಗುತ್ತೆ. ಆಯುಧಪೂಜೆ ಮಾರನೇ ದಿನ ಬೆಳಗ್ಗೆ ಅಣ್ಣ ಓಡಿದ, ನಾನು ಫೋನಿನಲ್ಲಿ ಟೈಮ್ ಹಿಡಿದೆ. 7 ನಿಮಿಷ 5 ಸೆಕೆಂಡು. ಕೊನೆಯ ಸುತ್ತಿನಲ್ಲಿ ಅವನ ಮುಖ ನೋಡೋಕೆ ಆಗ್ತಾ ಇರಲಿಲ್ಲ.

ನಾನು ಆಗ ತಾನೇ ಕಾಲೇಜು ಸೇರಿದ್ದೆ. ಅಂದರೆ ಏನೂ ಓದಿರಲಿಲ್ಲ, ಆದರೆ ಮನೆಯವರೆಲ್ಲ ‘ಇಂಜಿನಿಯರ್’ ಅಂತ ಕರೀತಿದ್ರು. ಅದು ತಲೆಗೆ ಏರಿತ್ತು. ಅಣ್ಣನಿಗೆ ಪ್ಲಾನ್ ಮಾಡಿಕೊಡ್ತೀನಿ ಅಂತ ಲ್ಯಾಪ್‌ಟಾಪ್ ತೆಗೆದು ಕೂತೆ. ಒಂದು ರಾತ್ರಿ ವಿಡಿಯೋ ನೋಡಿದೆ. ಎಲ್ಲರೂ ಹೇಳ್ತಿದ್ದದ್ದು ಒಂದೇ ಮಾತು: ಗಂಟೆಗಟ್ಟಲೆ ನಿಧಾನಕ್ಕೆ ಓಡೋದು ಹಳೇ ಕಾಲದ್ದು, ಕಮ್ಮಿ ಹೊತ್ತು, ಪೂರ್ತಿ ಜೋರು, ಅಷ್ಟೇ ಸಾಕು, ವಿಜ್ಞಾನ ಪ್ರೂವ್ ಮಾಡಿದೆ. ಬೆಳಗಾಗುವಷ್ಟರಲ್ಲಿ ಎಕ್ಸೆಲ್ ಶೀಟ್ ರೆಡಿ. ದಿನಾ ಬೆಳಗ್ಗೆ 400 ಮೀಟರ್ ಎಂಟು ಸಲ, ಜೀವ ಬಿಟ್ಟು ಓಡಬೇಕು. ಸಂಜೆ ಇಪ್ಪತ್ತು ಸೆಕೆಂಡು ಓಟ, ಹತ್ತು ಸೆಕೆಂಡು ನಿಲ್ಲೋದು, ಎಂಟು ಸಲ. ವಾರದಲ್ಲಿ ಏಳು ದಿನ. ಮೈದಾನ ದೂರ ಅಂತ ರಸ್ತೆಯ ಮೇಲೇ ಸುಣ್ಣದಲ್ಲಿ ಗೆರೆ ಹಾಕಿದ್ವಿ. ಶೀಟಿನಲ್ಲಿ ಕಾಲಂಗಳು: ದಿನ, ಸೆಟ್ಟು, ಟೈಮು, ನಿದ್ದೆ, ರಿಮಾರ್ಕ್ಸ್. ಬಣ್ಣ ಎಲ್ಲ ಹಾಕಿದ್ದೆ.

ಮೂರನೇ ದಿನ ನಾನು ಹಾಸ್ಟೆಲಿಗೆ ವಾಪಸ್. ಅಲ್ಲಿಂದ ವಾಟ್ಸಾಪಿನಲ್ಲೇ ಕೋಚಿಂಗು.

ಹನ್ನೆರಡನೇ ದಿನ ಅಣ್ಣ ಮೆಸೇಜ್ ಮಾಡಿದ, 6:41. ಎರಡು ವಾರ ತುಂಬೋದರೊಳಗೆ ಇಪ್ಪತ್ನಾಲ್ಕು ಸೆಕೆಂಡು ಇಳಿದಿತ್ತು! ನಾನು ರೂಂಮೇಟಿಗೆ ಆ ಶೀಟು ತೋರಿಸಿ ಜಂಬ ಕೊಚ್ಚಿದೆ. ಹದಿನಾಲ್ಕನೇ ದಿನದಿಂದ ಟೈಮು ಬರೋದು ನಿಂತಿತು. ರಿಮಾರ್ಕ್ಸ್ ಕಾಲಮಿನಲ್ಲಿ ಮಾತ್ರ ದಿನಾ ‘ಓಕೆ’ ಅಂತ ಬರ್ತಿತ್ತು. ಓಕೆ, ಓಕೆ, ಓಕೆ. ನಾನೂ ಹೆಚ್ಚಿಗೆ ಕೇಳಲಿಲ್ಲ, ಇಂಟರ್ನಲ್ಸ್ ಇತ್ತು.

ದೀಪಾವಳಿಗೆ ಊರಿಗೆ ಬಂದಾಗ ಅಣ್ಣ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಎದ್ದು ಬರಲಿಲ್ಲ. ಎರಡೂ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಒಳ ಅಂಚಿಗೆ ಬೆರಳಿಟ್ಟರೆ ಸಾಕು, ಹಲ್ಲು ಕಚ್ಚುತ್ತಿದ್ದ. ಎಡಗಾಲು ಊದಿತ್ತು. ದೊಡ್ಡಮ್ಮ ಹರಳೆಣ್ಣೆ ಹಚ್ಚಿ ಬಿಸಿನೀರಿನ ಬಟ್ಟೆ ಇಡ್ತಾ ಇದ್ರು. ‘ಯಾಕೆ ಹೇಳಲಿಲ್ಲ?’ ಅಂದೆ. ‘ನಿನ್ ಶೀಟಲ್ಲಿ ನೋವು ಅಂತ ಎಲ್ಲಿತ್ತು, ಬರೆಯೋಕೆ?’ ಅಂದ. ತಮಾಷೆಗೆ ಹೇಳಿದ್ದು. ನಗು ಬರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇಯಲ್ಲಿ ಬಿರುಕು ಕಾಣಲಿಲ್ಲ. ಶುರುವಿನ ಬಿರುಕು ಎಕ್ಸ್‌ರೇಗೆ ಸಿಗದೇನೂ ಇರಬಹುದು, ಮೂಳೆಗೆ ತಡೆಯೋಕಿಂತ ಜಾಸ್ತಿ ಪೆಟ್ಟು ಬಿದ್ದಿದೆ, ಮೂರು ವಾರ ಓಡೋ ಹಾಗಿಲ್ಲ ಅಂದ್ರು ಡಾಕ್ಟರು. ಪರೀಕ್ಷೆಗೆ ಇದ್ದದ್ದು ಐದು ವಾರ.

ಪ್ರತಿ ದೀಪಾವಳಿಗೆ ನಮ್ಮ ಬೀದಿಯವರು ಬೆಟ್ಟಕ್ಕೆ ನಡೆದುಕೊಂಡು ಹೋಗ್ತಾರೆ. ಅಣ್ಣ ಹೈಸ್ಕೂಲಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಆ ಸಲ ಅವನ ಬದಲು ನಾನು ಹೋಗು ಅಂತ ದೊಡ್ಡಮ್ಮ ಅಂದ್ರು. ಬೇಡ ಅನ್ನೋ ಮುಖ ನನಗಿರಲಿಲ್ಲ.

ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರು, ನಮ್ಮೂರಿನಿಂದ ಅರವತ್ತು ಚಿಲ್ಲರೆ. ಹನೂರು, ಎಲ್ಲೇಮಾಳ, ಕೌದಳ್ಳಿ, ಆಮೇಲೆ ತಾಳಬೆಟ್ಟ. ಅಲ್ಲಿಂದ ಕಾಡು, ಏರು. ಎರಡು ದಿನದ ನಡಿಗೆ. ನಾನು ಬ್ರಾಂಡೆಡ್ ಶೂ ಹಾಕಿದ್ದೆ. ಮುಂದೆ ನಡೀತಿದ್ದ ನಮ್ಮ ಚಿಕ್ಕಪ್ಪನಿಗೆ ಐವತ್ತೆಂಟು ವರ್ಷ, ಬರಿಗಾಲು. ಮಂಡ್ಯ ಕಡೆಯಿಂದ ಬಂದಿದ್ದ ಒಂದು ಗುಂಪು ನಮಗೆ ಸೇರಿಕೊಂಡಿತು, ಅವರು ಆಗಲೇ ಮೂರು ದಿನ ನಡೆದಿದ್ರು. ಅದರಲ್ಲಿ ಒಬ್ಬ ಅಜ್ಜಿ ತಲೆ ಮೇಲೆ ಗಂಟು ಇಟ್ಟುಕೊಂಡು, ಎಲೆಅಡಿಕೆ ಹಾಕಿಕೊಂಡು, ಪಕ್ಕದವರ ಸೊಸೆಯ ಕಥೆ ಹೇಳ್ತಾ ನಡೀತಾ ಇದ್ರು. ಹನೂರು ದಾಟೋ ತನಕ ನಾನು ಎಲ್ಲರಿಗಿಂತ ಮುಂದೆ. ಎಲ್ಲೇಮಾಳದಲ್ಲಿ ಮಧ್ಯದಲ್ಲಿ. ಕೌದಳ್ಳಿ ಹತ್ತಿರ ಬರುವಾಗ ಅಜ್ಜಿಯ ಹಿಂದೆ.

ಚಿಕ್ಕಪ್ಪ ನಿಂತು ಕಾದ್ರು. ‘ಮಾತಾಡ್ಕೊಂಡು ನಡೀಲಾ. ಮಾತು ನಿಂತೋಯ್ತು ಅಂದ್ರೆ ಕಾಲು ಮುಂದಕ್ಕೆ ಓಡ್ತಾ ಅದೆ ಅಂತ. ಆಗ ವಸಿ ತಡಿ.’

ಇದೇ ಮಾತನ್ನು ಆಮೇಲೆ ವ್ಯಾಯಾಮ ವಿಜ್ಞಾನದ ಪುಸ್ತಕಗಳಲ್ಲಿ ಓದಿದೆ. ಅದಕ್ಕೆ ‘ಟಾಕ್ ಟೆಸ್ಟ್’ ಅಂತಾರೆ. ಪೂರ್ತಿ ವಾಕ್ಯ ಮಾತಾಡೋಕೆ ಆಗ್ತಿದೆ ಅಂದರೆ ನೀವು ಮೆಲ್ಲಗಿನ ವಲಯದಲ್ಲಿದ್ದೀರಿ, ಎರಡು ಪದಕ್ಕೆ ಉಸಿರು ಕಟ್ಟಿದರೆ ದಾಟಿದ್ದೀರಿ. ಎದೆಗೆ ಪಟ್ಟಿ ಕಟ್ಟೋದು ಬೇಡ, ವಾಚು ಬೇಡ. ಪಾದಯಾತ್ರೆಯಲ್ಲಿ ಗಂಟೆಗೊಮ್ಮೆ ಯಾರಾದರೂ ‘ಉಘೇ’ ಅಂತ ಕೂಗ್ತಾರೆ, ಉಳಿದವರು ‘ಮಾದಪ್ಪ’ ಅನ್ನಬೇಕು. ನನಗೆ ಸಂಜೆ ಹೊತ್ತಿಗೆ ‘ಮಾ’ ಮಾತ್ರ ಬರ್ತಿತ್ತು.

ರಾತ್ರಿ ಕೌದಳ್ಳಿಯಲ್ಲಿ ಮಲಗಿದಾಗ ಚಿಕ್ಕಪ್ಪನಿಗೆ ಅಣ್ಣನ ಪ್ಲಾನ್ ವಿಷಯ ಪೂರ್ತಿ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಎತ್ತಿನ ಕಥೆ ಹೇಳಿದ್ರು. ಹೋರಿಕರನ ಮೊದಲ ದಿನವೇ ಮೂಟೆ ಹೇರಿದ ಗಾಡಿಗೆ ಕಟ್ಟಲ್ಲ. ಮೊದಲು ಬರೀ ನೊಗ ಹೊರಿಸಿ ಊರಲ್ಲಿ ಸುತ್ತಿಸ್ತಾರೆ. ಆಮೇಲೆ ಪಳಗಿದ ಎತ್ತಿನ ಜೊತೆ ಕಟ್ತಾರೆ, ಖಾಲಿ ಗಾಡಿ. ಆಮೇಲೆ ಕಮ್ಮಿ ಹೊರೆ. ‘ಅದುಕ್ಕೆ ಕಸುವು ಮೊದಲ ದಿನವೇ ಇರ್ತದೆ ಕನಾ. ಗಾಡಿ ಎಳ್ದೇ ಎಳೀತದೆ. ಕಾಲು ಉಳುಕ್ತದೆ ಅಷ್ಟೇಯ. ಮೈ ಪಳಗಬೇಕು.’

ಕಸುವು, ದಮ್ಮು, ಪಳಗೋದು. ನನಗೆ ಇಂಗ್ಲಿಷಿನಲ್ಲಿ ಮೂರು ಉದ್ದುದ್ದ ಪದ ಗೊತ್ತಿತ್ತು, ಈ ಮೂರು ಗೊತ್ತಿರಲಿಲ್ಲ.

ಮಾರನೇ ದಿನದ ಬಗ್ಗೆ ಹೆಚ್ಚು ಬರೆಯಲ್ಲ. ತಾಳಬೆಟ್ಟದಿಂದ ಮೇಲೆ ಏರಿನಲ್ಲಿ ಉಸಿರು ಹೋಯಿತು, ಇಳಿಜಾರಿನಲ್ಲಿ ತೊಡೆ ಹೋಯಿತು. ತಮಾಷೆ ಅಂದರೆ ಮೂರು ದಿನ ಕಾಡಿದ್ದು ಏರಲ್ಲ, ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದ ಆಗ್ತಾ ಹೋಗುತ್ತೆ, ಬ್ರೇಕಿನ ಕೆಲಸ. ರೂಢಿ ಇಲ್ಲದ ಸ್ನಾಯುವಿಗೆ ಹೆಚ್ಚು ಪೆಟ್ಟು ಬೀಳೋದು ಇದರಿಂದಲೇ. ಒಂದು ಸಲ ಹೀಗೆ ಪೆಟ್ಟು ತಿಂದ ಸ್ನಾಯು, ಕೆಲವು ವಾರದ ಒಳಗೆ ಅದೇ ಇಳಿಜಾರು ಮತ್ತೆ ಸಿಕ್ಕರೆ ಅಷ್ಟು ನೋಯಲ್ಲ. ವಾಪಸ್ ಬಸ್ಸಿನಲ್ಲಿ ಬಂದೆ. ಸೀಟಿನಿಂದ ಏಳೋಕೆ ಚಿಕ್ಕಪ್ಪ ಕೈ ಕೊಟ್ರು.

ಬಂದ ಮೇಲೆ ಅಣ್ಣನ ಪಕ್ಕ ಜಗಲಿಯಲ್ಲಿ ಕೂತು, ಈ ಸಲ ವಿಡಿಯೋ ಬಿಟ್ಟು ಮೂಲ ಪೇಪರುಗಳನ್ನು ಓದಿದೆ. ನನ್ನ ತಪ್ಪು ಎಲ್ಲಿ ಅಂತ ಸಿಕ್ಕಿದ್ದು ಎರಡನೇ ದಿನ, ಬಹಳ ಸಣ್ಣ ಜಾಗದಲ್ಲಿ.

ಇಪ್ಪತ್ತು ಸೆಕೆಂಡು, ಹತ್ತು ಸೆಕೆಂಡಿನ ಆ ಪದ್ಧತಿ ಜಪಾನಿನ ಇಜುಮಿ ತಬಾತಾ ಅವರದ್ದು, ಪೇಪರು ಬಂದದ್ದು 1996ರಲ್ಲಿ. ಆರು ವಾರ ಒಂದು ಗುಂಪು ದಿನಕ್ಕೆ ಒಂದು ಗಂಟೆ ಮಧ್ಯಮ ಶ್ರಮ ಮಾಡಿತು, ಇನ್ನೊಂದು ಗುಂಪು ಈ ತುಂಡು ತುಂಡು ಜೋರು ಮಾಡಿತು. ಎರಡರಲ್ಲೂ ದೇಹ ಆಕ್ಸಿಜನ್ ಬಳಸೋ ಸಾಮರ್ಥ್ಯ ಹೆಚ್ಚಿತು. ಆಕ್ಸಿಜನ್ ಸಾಲದಾಗ ಕೆಲಸ ಮಾಡೋ ತಾಕತ್ತು ಮಾತ್ರ ಜೋರು ಮಾಡಿದವರಲ್ಲಿ 28 ಪರ್ಸೆಂಟ್ ಏರಿತು, ಇನ್ನೊಂದು ಗುಂಪಿನಲ್ಲಿ ಏರಲಿಲ್ಲ. 2006ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗಿಬಾಲಾ ತಂಡ ಇನ್ನೂ ಆಶ್ಚರ್ಯ ತೋರಿಸಿತು. ಎರಡು ವಾರದಲ್ಲಿ ಆರೇ ಸಲ, ಪ್ರತಿ ಸಲ 30 ಸೆಕೆಂಡಿನ ಪೂರ್ತಿ ಜೋರು ನಾಲ್ಕರಿಂದ ಆರು, ಮಧ್ಯೆ ನಾಲ್ಕು ನಿಮಿಷ ವಿರಾಮ. ಇನ್ನೊಂದು ಗುಂಪಿಗೆ ಒಂದೂವರೆಯಿಂದ ಎರಡು ಗಂಟೆಯ ಉದ್ದದ ಶ್ರಮ. ಒಂದು ಗುಂಪಿನ ಒಟ್ಟು ಸಮಯ ಎರಡೂವರೆ ಗಂಟೆ, ಇನ್ನೊಂದರದ್ದು ಹತ್ತೂವರೆ. ಸ್ನಾಯುವಿನಲ್ಲಾದ ಬದಲಾವಣೆ ಹೆಚ್ಚುಕಮ್ಮಿ ಒಂದೇ. ವಿಡಿಯೋದವರು ಹೇಳಿದ್ದು ಸುಳ್ಳಲ್ಲ.

ಆದರೆ ಎರಡೂ ಪ್ರಯೋಗ ಮಾಡಿದ್ದು ಸೈಕಲ್ ಮೇಲೆ. ನಿಂತಲ್ಲೇ ನಿಂತಿರೋ ಲ್ಯಾಬಿನ ಸೈಕಲ್. ಅದರ ಮೇಲೆ ಕೂತವನ ಪಾದ ನೆಲಕ್ಕೆ ಬಡಿಯೋದೇ ಇಲ್ಲ. ಗಿಬಾಲಾ ಪ್ರಯೋಗದಲ್ಲಿ ಎರಡು ದಿನದ ಮಧ್ಯೆ ಒಂದೋ ಎರಡೋ ದಿನ ಬಿಡುವು ಬೇರೆ ಇತ್ತು. ನಾನು ಆ ಸೈಕಲ್ ಪಾಠವನ್ನು ಎತ್ತಿಕೊಂಡು ಬಂದು ಹನೂರು ರಸ್ತೆಯ ಡಾಂಬರಿನ ಮೇಲೆ, ಬಿಡುವೇ ಇಲ್ಲದೆ, ದಿನಕ್ಕೆ ಎರಡು ಹೊತ್ತು ಹಾಕಿದ್ದೆ. ಓಡುವಾಗ ಪ್ರತಿ ಹೆಜ್ಜೆಗೆ ಕಾಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಹೊರೆ ಬೀಳುತ್ತೆ. ಇದನ್ನು ಓದಿದಾಗ ಅಣ್ಣ ಪಕ್ಕದಲ್ಲೇ ಇದ್ದ. ಓದಿ ಹೇಳಿದೆ. ‘ಅಂದ್ರೆ ನಂಗೆ ಸೈಕಲ್ ಕೊಡಿಸ್ಬೇಕಿತ್ತು ನೀನು’ ಅಂದ, ಅಷ್ಟೆ.

ಹಾಗಿದ್ದರೆ ಮೊದಲ ಎರಡು ವಾರ ಟೈಮ್ ಯಾಕೆ ಇಳಿಯಿತು? ಇದು ನನ್ನನ್ನು ಬಹಳ ದಿನ ಕೊರೆಯಿತು. ಶೀಟಿನ ನಂಬರು ಚೆನ್ನಾಗಿತ್ತಲ್ಲ. ಆಮೇಲೆ ಅರ್ಥ ಆದದ್ದು ಏನಂದರೆ, ಮೈಯಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಪಳಗಲ್ಲ. ರಕ್ತದ ನೀರಿನಂಶ ಕೆಲವೇ ದಿನದಲ್ಲಿ ಹೆಚ್ಚುತ್ತೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ದಬ್ಬುತ್ತೆ. ಸ್ನಾಯುವಿನ ಒಳಗಿನ ಮೈಟೊಕಾಂಡ್ರಿಯ, ಅಂದರೆ ಆಕ್ಸಿಜನ್ ಬಳಸಿ ಶಕ್ತಿ ಮಾಡೋ ಒಲೆಗಳು, ಕೆಲವು ವಾರದಲ್ಲಿ ಹೆಚ್ಚುತ್ತವೆ. ಸ್ನಾಯುವಿನ ಸುತ್ತ ಹೊಸ ಸಣ್ಣ ರಕ್ತನಾಳ ಬೆಳೆಯೋಕೂ ವಾರಗಳು ಬೇಕು. ಮೂಳೆ, ಸ್ನಾಯುರಜ್ಜು ಮಾತ್ರ ತಿಂಗಳುಗಟ್ಟಲೆ ತಗೊಳ್ತವೆ. ಮೂಳೆಯದ್ದು ಇನ್ನೂ ವಿಚಿತ್ರ. ಹೊರೆ ಜಾಸ್ತಿ ಆದಾಗ ಅದು ಮೊದಲು ಹಳೆಯ ಭಾಗವನ್ನು ಕೆರೆದು ತೆಗೆಯುತ್ತೆ, ಆಮೇಲೆ ಹೊಸದು ಕಟ್ಟುತ್ತೆ. ಕೆರೆಯೋದು ವಾರಗಳ ಕೆಲಸ, ಕಟ್ಟಿ ಗಟ್ಟಿ ಮಾಡೋದು ತಿಂಗಳುಗಳ ಕೆಲಸ. ಮಧ್ಯದಲ್ಲಿ ಒಂದು ಹೊತ್ತು ಇರುತ್ತೆ, ಮೂಳೆ ಮೊದಲಿಗಿಂತ ದುರ್ಬಲವಾಗಿರೋ ಹೊತ್ತು. ಅಣ್ಣನ ಟೈಮ್ ಇಳೀತಾ ಇದ್ದಾಗಲೇ ಅವನ ಮೂಳೆ ಆ ಕಡೆಗೆ ಹೋಗ್ತಾ ಇತ್ತು. ಸ್ಟಾಪ್‌ವಾಚಿಗೆ ಹೃದಯ ಕಾಣುತ್ತೆ, ಮೂಳೆ ಕಾಣಲ್ಲ.

ಈ ಸೆಮಿಸ್ಟರಿನಲ್ಲಿ ನಮಗೆ ಮೆಟೀರಿಯಲ್ ಸೈನ್ಸಿನಲ್ಲಿ ಫಟೀಗ್ ಪಾಠ ಆಯಿತು. ಒಂದು ಕಬ್ಬಿಣದ ಸರಳು ಒಂದೇ ಏಟಿಗೆ ಮುರಿಯದ ಹೊರೆಯಲ್ಲೂ, ಆ ಹೊರೆ ಲಕ್ಷ ಸಲ ಬಂದು ಹೋದರೆ ಮುರಿಯುತ್ತೆ. ಬೋರ್ಡಿನ ಮೇಲೆ ಮೇಡಂ ಆ ಗ್ರಾಫು ಬರೆದಾಗ, ಅಡ್ಡ ಗೆರೆಯಲ್ಲಿ ಎಷ್ಟು ಸಲ, ನೇರ ಗೆರೆಯಲ್ಲಿ ಎಷ್ಟು ಹೊರೆ, ನನಗೆ ಕಂಡದ್ದು ಸುಣ್ಣದ ಗೆರೆ ಹಾಕಿದ ನಮ್ಮೂರ ರಸ್ತೆ. ವ್ಯತ್ಯಾಸ ಇಷ್ಟೇ, ಸರಳು ರಾತ್ರಿ ಮಲಗಿ ತನ್ನನ್ನು ತಾನು ರಿಪೇರಿ ಮಾಡ್ಕೊಳಲ್ಲ. ಮೂಳೆ ಮಾಡ್ಕೊಳುತ್ತೆ, ನಾವು ಬಿಟ್ಟರೆ.

ಜೋರು ಬೇಕಾ, ಹೊತ್ತು ಬೇಕಾ ಅನ್ನೋದಕ್ಕೆ ನನಗೆ ಬಹಳ ಹಿಡಿಸಿದ ಉತ್ತರ ಇಲಿಗಳದ್ದು. 1967ರಲ್ಲಿ ಅಮೆರಿಕದ ಜಾನ್ ಹೊಲೊಸ್ಜಿ ಇಲಿಗಳನ್ನು ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ, ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯದ ಕೆಲಸ ಎರಡು ಪಟ್ಟಾಗಿದ್ದನ್ನು ತೋರಿಸಿದ್ರು. ಆ ತನಕ ಅಭ್ಯಾಸದಿಂದ ಪಳಗೋದು ಮುಖ್ಯವಾಗಿ ಹೃದಯ ಅಂತ ನಂಬಿದ್ರು. 1982ರಲ್ಲಿ ಡಡ್ಲಿ, ಏಬ್ರಹಾಂ, ಟೆರ್ಜಂಗ್ ಅನ್ನೋ ಮೂವರು ಇಲಿಗಳನ್ನು ಬೇರೆ ಬೇರೆ ವೇಗದಲ್ಲಿ, ಬೇರೆ ಬೇರೆ ಹೊತ್ತು ಎಂಟು ವಾರ ಓಡಿಸಿ ನೋಡಿದ್ರು. ಇದನ್ನು ಅರ್ಥ ಮಾಡಿಕೊಳ್ಳೋಕೆ ಕೋಳಿ ಸಾರು ನೆನಪಿಸಿಕೊಳ್ಳಿ. ತೊಡೆಯ ಪೀಸು ಕೆಂಪು-ಕಪ್ಪು, ಎದೆಯ ಪೀಸು ಬಿಳಿ. ಕೋಳಿ ದಿನವಿಡೀ ನಡೆಯುತ್ತೆ, ಹಾರೋದು ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ. ನಡೆಯೋ ಸ್ನಾಯು ದಮ್ಮಿನದ್ದು, ಕೆಂಪು. ಹಾರೋ ಸ್ನಾಯು ಕಸುವಿನದ್ದು, ಬಿಳಿ, ಬೇಗ ಸೋಲುತ್ತೆ. ನಮ್ಮ ಕಾಲಿನಲ್ಲಿ ಎರಡೂ ಎಳೆ ಬೆರೆತಿವೆ. ಇಲಿಗಳಲ್ಲಿ ಕಂಡದ್ದು ಏನಂದರೆ, ಕೆಂಪು ಎಳೆ ಮೆಲ್ಲಗೆ ಓಡಿದರೂ ಪಳಗಿತು, ಆದರೆ ಹೊತ್ತು ಹೆಚ್ಚಿಸುತ್ತಾ ಹೋದಾಗ ಒಂದು ಹಂತದ ಮೇಲೆ ಲಾಭ ನಿಂತಿತು. ಬಿಳಿ ಎಳೆ ಮೆಲ್ಲಗೆ ಎಷ್ಟು ಹೊತ್ತು ಓಡಿಸಿದರೂ ಅಲ್ಲಾಡಲಿಲ್ಲ. ವೇಗ ಜೋರಾದಾಗಲೇ ಅದು ಎದ್ದದ್ದು. ದೇಹ ಕಂಜೂಸು. ಸಣ್ಣ ಕೆಲಸಕ್ಕೆ ಸಣ್ಣ ಎಳೆಗಳನ್ನೇ ಕರೆಯುತ್ತೆ, ದೊಡ್ಡ ಎಳೆಗಳನ್ನು ಕಷ್ಟ ಬಂದಾಗ ಮಾತ್ರ ಎಬ್ಬಿಸುತ್ತೆ.

ಇದಕ್ಕೇ ನಾನು ಪಾದಯಾತ್ರೆಯಿಂದ ಬಂದು ‘ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು’ ಅಂತ ಬರೆಯೋಕೆ ಹೋಗಲ್ಲ. ಚಿಕ್ಕಪ್ಪ ಎರಡು ದಿನ ನಡೀತಾರೆ, ಆದರೆ ತೊಂಬತ್ತೇಳು ಸೆಕೆಂಡಿನಲ್ಲಿ ಒಂದು ಸುತ್ತು ಓಡು ಅಂದರೆ ಅವರ ಕೈಲಿ ಆಗಲ್ಲ. ಅವರ ಬಿಳಿ ಎಳೆಗಳನ್ನು ಯಾರೂ ಎಬ್ಬಿಸಿಲ್ಲ. ಅದೂ ಅಲ್ಲದೆ ಅವರ ದಮ್ಮು ಬಂದದ್ದು ವರ್ಷಕ್ಕೊಂದು ಪಾದಯಾತ್ರೆಯಿಂದಲ್ಲ, ಉಳಿದ ದಿನಗಳ ಹೊಲದಿಂದ. ಎಬ್ಬಿಸೋ ಕೆಲಸ ನಮ್ಮ ಕಡೆ ಯಾರಾದರೂ ಮಾಡ್ತಾರೆ ಅಂದರೆ ಅದು ಬೀಸು ಕಂಸಾಳೆಯವರು. ಜಾತ್ರೆಯಲ್ಲಿ ನೋಡಿ, ನಿಧಾನಕ್ಕೆ ಶುರು ಮಾಡಿ, ಕಂಸಾಳೆ ಬೀಸೋ ಹೊತ್ತಿಗೆ ಬೆವರು ಕಿತ್ತುಕೊಂಡು ಬರುತ್ತೆ, ಆಮೇಲೆ ಹಾಡಿಗೆ ಇಳೀತಾರೆ, ಮತ್ತೆ ಏರ್ತಾರೆ. ಇದು ನನ್ನ ಊಹೆ, ಯಾರೂ ಅಳತೆ ಮಾಡಿದ್ದನ್ನು ಓದಿಲ್ಲ, ಆದರೆ ಯಾರಾದರೂ ಎದೆಗೆ ಪಟ್ಟಿ ಕಟ್ಟಿ ಅಳೆಯಬೇಕು.

1600 ಮೀಟರ್ ಓಟಕ್ಕೆ ಎರಡೂ ಬೇಕು. ಆರು ನಿಮಿಷದ ಆ ಓಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಶಕ್ತಿ ಆಕ್ಸಿಜನ್ನಿನ ದಾರಿಯಲ್ಲೇ ಬರುತ್ತೆ, ಅಂದರೆ ದಮ್ಮು. ಕೊನೆಯ ಸುತ್ತಿಗೆ ಕಸುವು. ನಾರ್ವೆಯಲ್ಲಿರುವ ಸ್ಟೀಫನ್ ಸೀಲರ್ ಅನ್ನೋ ವಿಜ್ಞಾನಿ ದೊಡ್ಡ ದೊಡ್ಡ ಓಟಗಾರರು, ದೋಣಿ ಹುಟ್ಟು ಹಾಕುವವರು, ಹಿಮದ ಮೇಲೆ ಜಾರುವವರ ಅಭ್ಯಾಸದ ಲೆಕ್ಕ ನೋಡಿದಾಗ, ಐದರಲ್ಲಿ ನಾಲ್ಕು ಪಾಲು ಮಾತಾಡಿಕೊಂಡು ಮಾಡೋವಷ್ಟು ಮೆಲ್ಲಗಿತ್ತಂತೆ, ಒಂದು ಪಾಲು ನಿಜವಾಗಿ ಜೋರು. ನನ್ನ ಶೀಟಿನಲ್ಲಿ ಐದಕ್ಕೆ ಐದೂ ಜೋರು.

ಆದರೆ ಆಗ ಇದೆಲ್ಲ ತಿಳಿದು ಏನು ಪ್ರಯೋಜನ, ಐದು ವಾರ ಉಳಿದಿತ್ತು, ಅದರಲ್ಲಿ ಮೂರು ವಾರ ಓಡೋ ಹಾಗಿಲ್ಲ. ಧೈರ್ಯ ಕೊಟ್ಟದ್ದು ಒಂದೇ ಒಂದು ಪೇಪರಿನ ಸಾಲು. ರಾಬರ್ಟ್ ಹಿಕ್ಸನ್ ಅನ್ನುವವರು ಎಂಬತ್ತರ ದಶಕದಲ್ಲಿ, ಹತ್ತು ವಾರ ಚೆನ್ನಾಗಿ ಪಳಗಿಸಿದವರ ಅಭ್ಯಾಸವನ್ನು ಕಡಿಮೆ ಮಾಡಿ ನೋಡಿದ್ರು. ದಿನದ ನಲವತ್ತು ನಿಮಿಷವನ್ನು ಹದಿಮೂರಕ್ಕೆ ಇಳಿಸಿದರೂ, ಜೋರು ಕಮ್ಮಿ ಮಾಡದಿದ್ದರೆ, ಆಕ್ಸಿಜನ್ ಬಳಸೋ ಗರಿಷ್ಠ ಸಾಮರ್ಥ್ಯ ಉಳಿಯಿತು. ಜೋರು ಕಮ್ಮಿ ಮಾಡಿದಾಗ ಹೋಯಿತು. ಅಂದರೆ ಗಳಿಸಿದ್ದನ್ನು ಉಳಿಸಿಕೊಳ್ಳೋಕೆ ಸ್ವಲ್ಪ ಜೋರು ಸಾಕು, ಎಲ್ಲಿ ಮಾಡಿದರೂ ಆದೀತು ಅಂತ ನಾನು ಅಂದಾಜು ಮಾಡಿದೆ. ಡಾಕ್ಟರನ್ನು ಕೇಳಿದ್ವಿ, ಸೈಕಲ್ ತುಳಿಯಬಹುದು, ನೋವಾದರೆ ನಿಲ್ಲಿಸಿ ಅಂದ್ರು.

ದೊಡ್ಡಪ್ಪನ ಹಳೇ ಸೈಕಲ್ ಇತ್ತು. ಚೈನಿಗೆ ಎಣ್ಣೆ ಬಿಟ್ಟು, ಟ್ಯೂಬು ಹಾಕಿಸಿದ್ವಿ. ನಾಲ್ಕು ದಿನ ಗುಂಡಾಲ್ ಡ್ಯಾಮಿನ ಕಡೆಗೆ ಮೆಲ್ಲಗೆ, ಒಂದು ಗಂಟೆ. ಎರಡು ದಿನ ಏರಿನಲ್ಲಿ 30 ಸೆಕೆಂಡು ಎದ್ದು ನಿಂತು ತುಳಿಯೋದು, ನಾಲ್ಕು ನಿಮಿಷ ಮೆಲ್ಲಗೆ, ಐದು ಸಲ. ಒಂದು ದಿನ ಖಾಲಿ. ಗಿಬಾಲಾ ಹೇಳಿದ ಪಾಠ ಈಗ ಸರಿಯಾದ ವಾಹನದ ಮೇಲೆ ಬಂದಿತ್ತು. ಹೊಸ ಶೀಟಿನಲ್ಲಿ ‘ನೋವು’ ಅಂತ ಕಾಲಂ ಹಾಕಿದೆ, ಸೊನ್ನೆಯಿಂದ ಹತ್ತು. ಮೊದಲ ದಿನ ಅಣ್ಣ ಆರು ಅಂತ ಬರೆದ. ಇಪ್ಪತ್ತನೇ ದಿನ ಒಂದು. ಅವತ್ತು ಬೆಳೆ ಕೊಯ್ದ ಮಣ್ಣಿನ ಹೊಲದಲ್ಲಿ ಬರಿಗಾಲಿನಲ್ಲಿ ಎರಡು ನಿಮಿಷ ಓಡಿದನಂತೆ, ಒಂದು ನಿಮಿಷ ನಡೆದನಂತೆ. ಫೋನ್ ಮಾಡಿ ಹೇಳಿದ. ನನಗಿಂತ ಅವನೇ ಸಮಾಧಾನದಲ್ಲಿದ್ದ.

ಪರೀಕ್ಷೆಯ ದಿನ ನನಗೆ ಲ್ಯಾಬ್ ಇತ್ತು, ಹೋಗೋಕೆ ಆಗಲಿಲ್ಲ. ಮಧ್ಯಾಹ್ನ ಫೋನ್ ಬಂತು.

6 ನಿಮಿಷ 36.

ಆರು ಸೆಕೆಂಡು ಅಂದರೆ ಆ ವೇಗದಲ್ಲಿ ಸುಮಾರು ಇಪ್ಪತ್ತೈದು ಮೀಟರು. ನಮ್ಮ ಮನೆಯಿಂದ ಮೂಲೆಯ ಅಂಗಡಿ. ಮೂರು ವಾರ ಓಡದೇ ಇದ್ದು ಅಲ್ಲಿಗೆ ತಲುಪಿದ್ದ. ಆ ಮೂರು ವಾರ ಇದ್ದಿದ್ದರೆ ಅನ್ನೋ ಲೆಕ್ಕ ನಾನು ಎಷ್ಟು ಸಲ ಹಾಕಿದ್ದೀನೋ ಗೊತ್ತಿಲ್ಲ. ಏಳೂ ಐದರಿಂದ ಶುರು ಮಾಡಿ, ವಾರಕ್ಕೆ ಎರಡೇ ದಿನ ಜೋರು, ಉಳಿದದ್ದು ಮೆಲ್ಲಗೆ, ಮಣ್ಣಿನ ಮೇಲೆ ಓಡಿದ್ದರೆ? ಅವನು ಪಾಸಾಗ್ತಿದ್ದ ಅಂತ ಖಂಡಿತವಾಗಿ ಹೇಳೋಕೆ ಆಗಲ್ಲ. ಆಗ್ತಿರಲಿಲ್ಲ ಅಂತಲೂ ಹೇಳೋಕೆ ಆಗಲ್ಲ, ಅದೇ ಕಷ್ಟ.

ಮನೆಯಲ್ಲಿ ಎಲ್ಲರೂ ಕಾಲು ನೋವು ಬಂದು ಹೋಯಿತು, ಗ್ರಹಚಾರ ಅಂದ್ರು. ಆ ವರ್ಷ ಪಾದಯಾತ್ರೆ ತಪ್ಪಿಸಿದ್ದಕ್ಕೇ ಹೀಗಾಯ್ತು ಅಂತ ದೊಡ್ಡಮ್ಮ ಈಗಲೂ ನಂಬಿದ್ದಾರೆ. ಶೀಟಿನ ವಿಷಯ ಅಣ್ಣ ಯಾರಿಗೂ ಹೇಳಲಿಲ್ಲ. ಚಿಕ್ಕಪ್ಪನೂ ಬಾಯಿ ಬಿಡಲಿಲ್ಲ. ನಾನು ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ. ಈ ಲೇಖನವನ್ನು ಅವರು ಓದಲ್ಲ ಅಂತ ಗೊತ್ತು, ಆದರೆ ಅಣ್ಣ ಓದ್ತಾನೆ. ಓದಿದ ಮೇಲೆ ಹೇಳ್ತೀನಿ ಅಂದುಕೊಂಡಿದ್ದೀನಿ, ಈ ದೀಪಾವಳಿಗೆ.

ಅವನು ಮುಂದಿನ ಅರ್ಜಿಗೆ ಕಾಯ್ತಾ ಇದ್ದಾನೆ. ವಯಸ್ಸು ಇನ್ನೂ ಇದೆ, ಆದರೆ ಬಹಳ ಇಲ್ಲ. ಈಗ ಒಂದು ವರ್ಷದಿಂದ ಓಡ್ತಾ ಇದ್ದಾನೆ, ಹೆಚ್ಚಿನ ದಿನ ಮೆಲ್ಲಗೆ. ಡ್ಯಾಮಿನ ಕಡೆ ಹೋಗುವಾಗ ಫೋನಿನಲ್ಲಿ ನನ್ನ ಜೊತೆ ಮಾತಾಡಿಕೊಂಡೇ ಓಡ್ತಾನೆ, ಉಸಿರು ಕಟ್ಟಿದರೆ ನಾನೇ ‘ವಸಿ ತಡಿ’ ಅಂತೀನಿ. ಮಂಗಳವಾರ, ಶುಕ್ರವಾರ ಜೋರು. ಆ ದಿನ ಫೋನ್ ಮಾಡಲ್ಲ. ಹೋದ ತಿಂಗಳು 6:19 ಆಯಿತು. ಮೆಸೇಜಿನಲ್ಲಿ ಟೈಮಿನ ಕೆಳಗೆ ಇನ್ನೊಂದು ಸಾಲು ಬರೆದಿದ್ದ: ‘ನೋವು 0. ಭಾನುವಾರ ಖಾಲಿ ಬುಡು, ಸೊಪ್ಪು ಕುಯ್ಬೇಕು.’